ಅಂಕಯ್ಯನ ಹೆಬ್ಬೆರಳು

ಅಂಕಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು ಗಾವಡಗೆರೆಯ ಬಸ್ ಸ್ಟ್ಯಾಂಡಿಗೆ ಬಂದು ನಿಂತ ಅಂದರೆ ಸುತ್ತಲಿನವರಿಗೆ ಗೊತ್ತು, ಮೈಸೂರಿನಲ್ಲಿ ಡಾಕ್ಟರಿಕೆ ಓದುವ ಮಕ್ಕಳಿಗೆ ಪರೀಕ್ಷೆ ಬಂತು ಅಂತ. ಕಂಕುಳಲ್ಲಿ ಒಂದು ಕೋಲು ಇರುತ್ತಿತ್ತು. ಬಸ್ ಹತ್ತುವ ತನಕ ಆ ಕೋಲಿಗೆ ಕೆಲಸವಿಲ್ಲ. ಹುಣಸೂರು ದಾಟಿ, ಬಿಳಿಕೆರೆ ದಾಟಿ, ಮೈಸೂರಿನಲ್ಲಿ ಇಳಿದ ಮೇಲೆ ಅದು ನೆಲ ಮುಟ್ಟುತ್ತಿತ್ತು. ಆಸ್ಪತ್ರೆಯ ಗೇಟು ಬರುವಷ್ಟರಲ್ಲಿ ಅಂಕಯ್ಯನ ಎರಡೂ ಕಾಲು ಮರಗಟ್ಟಿ, ಒಂದೊಂದು ಹೆಜ್ಜೆಯನ್ನೂ ಎಳೆದುಕೊಂಡು ಹೋಗುವ ಸ್ಥಿತಿ ಬಂದಿರುತ್ತಿತ್ತು. ಊರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಏರುವ ಕಾಲು ಮೈಸೂರಿನಲ್ಲಿ ಯಾಕೆ ಸೆಟೆಯುತ್ತದೆ ಅಂತ ಯಾರೂ ಕೇಳಿರಲಿಲ್ಲ. ನಮ್ಮ ಜನ ಬೇಡದ್ದನ್ನೆಲ್ಲ ಕೇಳುತ್ತಾರೆ, ಕೇಳಬೇಕಾದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಆ ಕಾಲು ಒಂದು ಕಾಲದಲ್ಲಿ ನಿಜವಾಗಿಯೂ ಸೆಟೆದಿತ್ತು. ಅದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಅಂಕಯ್ಯ ಕೂಲಿಯವನು. ನಂಜುಂಡಸ್ವಾಮಿಯವರ ಹೊಲದಲ್ಲಿ ಹೊಗೆಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ ಒಳಗೆ ತೊಲೆಯಿಂದ ತೊಲೆಗೆ ಹತ್ತಿ ಅದನ್ನು ನೇತುಹಾಕುವುದು ಅವನ ಪ್ರಾಯವನ್ನೆಲ್ಲ ತಿಂದ ಕೆಲಸ. ಕೊರೋನಾ ಕಳೆದ ಮೇಲಿನ ಮಳೆಗಾಲದಲ್ಲಿ ಬೆನ್ನು ನೋವು ಬಂತು. ಉಳುಕು ಅಂತ ತಟ್ಟಿಸಿದರು, ಎಣ್ಣೆ ನೀವಿಸಿದರು. ಒಂದು ದಿನ ಬ್ಯಾರನ್ ಬಾಗಿಲಲ್ಲೇ ಕುಸಿದು ಕೂತವನು ಏಳಲಿಲ್ಲ. ಮಗ ಕಿರಣ್‌ಕುಮಾರ್ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಮೈಸೂರಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹಾಕಿದ. ಅಲ್ಲಿ ನೀಲಾಂಬಿಕೆ ಮೇಡಂ ಅಂತ ದೊಡ್ಡ ಡಾಕ್ಟರು ನೋಡಿ, ಬೆನ್ನುಮೂಳೆಗೆ ಟಿ.ಬಿ. ಹತ್ತಿ ನರವನ್ನು ಒತ್ತುತ್ತಿದೆ, ಮಾತ್ರೆ ತಪ್ಪಿಸದೆ ನುಂಗಿದರೆ ನಡೆಯುತ್ತೀಯ ಅಂದರು.

ಅಲ್ಲೇ ಅವನಿಗೆ ಓದುವ ಮಕ್ಕಳ ಪರಿಚಯವಾದದ್ದು. ಬೆಳಿಗ್ಗೆ ಆದರೆ ಬಿಳಿ ಕೋಟು ಹಾಕಿಕೊಂಡ ಹುಡುಗ ಹುಡುಗಿಯರು ಮಂಚ ಸುತ್ತುವರಿಯುತ್ತಿದ್ದರು. ರಬ್ಬರ್ ಸುತ್ತಿಗೆಯಿಂದ ಮಂಡಿಯ ಕೆಳಗೆ ಕುಟ್ಟಿದರೆ ಕಾಲು ತಾನಾಗಿಯೇ ಒದೆಯುತ್ತಿತ್ತು. ಪಾದವನ್ನು ಹಿಡಿದು ಮೇಲಕ್ಕೆ ತಟ್ಟನೆ ಒತ್ತಿದರೆ ಗಡಗಡ ಅಂತ ನಡುಗಿ, ಹಿಡಿದವರು ಬಿಡುವ ತನಕ ನಿಲ್ಲುತ್ತಿರಲಿಲ್ಲ. ಕೊನೆಗೆ ಸ್ಕೂಟರ್ ಕೀ ತೆಗೆದುಕೊಂಡು ಅಂಗಾಲಿನ ಅಂಚಿನಲ್ಲಿ ಹಿಮ್ಮಡಿಯಿಂದ ಬೆರಳಿನ ಕಡೆಗೆ ಎಳೆಯುತ್ತಿದ್ದರು. ಹೆಬ್ಬೆರಳು ನಿಧಾನಕ್ಕೆ ಮೇಲಕ್ಕೆ ಏಳುತ್ತಿತ್ತು. ಅದು ಎದ್ದ ಕೂಡಲೇ ಮಕ್ಕಳ ಮುಖ ಅರಳಿಬಿಡುತ್ತಿತ್ತು. ಸರಿಯಾಗಿರುವ ಮನುಷ್ಯನಿಗೆ ಬೆರಳು ಕೆಳಕ್ಕೆ ಬಾಗಬೇಕು, ಮೇಲಕ್ಕೆ ಎದ್ದರೆ ಮಿದುಳಿನಿಂದ ಇಳಿಯುವ ನರಕ್ಕೆ ಪೆಟ್ಟಾಗಿದೆ ಅಂತ ಅರ್ಥ, ಇದನ್ನು ಮರೆತವರು ಡಾಕ್ಟರೇ ಅಲ್ಲ ಅಂತ ಮೇಡಂ ಆ ಮಕ್ಕಳಿಗೆ ಹೇಳುತ್ತಿದ್ದರು.

ಮೊದಲ ದಿನ ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಲು ಹೆಣಗಿದ್ದ. "ಬ್ಯಾಡಿ ಬುದ್ಧಿ, ಕಾಲ್ ಮುಟ್ಬ್ಯಾಡಿ, ಪಾಪ ಬತ್ತದೆ" ಅಂದಿದ್ದ. ಯಾರದೋ ದೊಡ್ಡ ಮನೆಯ ಹುಡುಗಿ, ಕಿವಿಯಲ್ಲಿ ಚಿನ್ನ, ಅವನ ಬಿರುಕು ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, "ನೋವಾಯ್ತಾ ಯಜಮಾನ್ರೇ?" ಅಂತ ಕೇಳಿತು. ಅಂಕಯ್ಯ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ಊರಿನಲ್ಲಿ ಅವನನ್ನು ಎಳೆಯ ಹುಡುಗರೂ ಅಂಕ ಅಂತಲೇ ಕರೆಯುವುದು. ನಂಜುಂಡಸ್ವಾಮಿಯವರ ಜಗುಲಿಯ ಕೆಳಗಿನ ಮೆಟ್ಟಿಲೇ ಅವನ ಜಾಗ. ಆ ಕಾಲನ್ನು ಅವನ ಹೆಂಡತಿ ಮರಮ್ಮ ಬಿಟ್ಟರೆ ಬೇರೆ ಯಾರೂ ಮುಟ್ಟಿದ್ದಿಲ್ಲ. ಹೊಗೆಸೊಪ್ಪಿನ ಹಾಗೆ ಮರ್ಯಾದೆಯೂ ಒಂದು ಚಟ. ರುಚಿ ಹತ್ತಿದ ಮೇಲೆ ಬಿಡಿಸುವುದು ಕಷ್ಟ.

ಮಾತ್ರೆ ಕೆಲಸ ಮಾಡಿತು. ಕಾಲಿಗೆ ಬಲ ಬಂತು. ಪರೀಕ್ಷೆಗೆ ಮಲಗುವ ರೋಗಿಗೆ ಅಲ್ಲಿ ಕೇಸ್ ಅನ್ನುತ್ತಾರೆ. ಒಳ್ಳೆಯ ಕೇಸ್ ಅಂತ ಮೇಡಂ ಪರೀಕ್ಷೆಯ ದಿನ ಕರೆಸಿಕೊಂಡರು, ಇವನು ಹೋದ. ಅವತ್ತು ಇನ್ನೂ ಕಾಲು ಬಿಗಿಯಿತ್ತು, ಬೆರಳೂ ಏಳುತ್ತಿತ್ತು. ಮತ್ತೊಂದು ಸಲ ಕರೆದರು. ಅಷ್ಟು ಹೊತ್ತಿಗೆ ಅಂಕಯ್ಯ ಹೊಲಕ್ಕೆ ಇಳಿದಾಗಿತ್ತು. ಮೊದಲು ಬಂದ ಹುಡುಗ ಅಂಗಾಲಿಗೆ ಕೀ ಎಳೆದ. ಹೆಬ್ಬೆರಳು ಸುಮ್ಮನೆ ಕೆಳಕ್ಕೆ ಬಾಗಿತು. ಹುಡುಗನ ಮುಖ ಬಾಡಿತು. "ಅಯ್ಯೋ, ಇವರಿಗೆ ಏನೂ ಇಲ್ವಲ್ಲ" ಅಂದವನೇ ಪಕ್ಕದ ಮಂಚದ ಕಡೆ ನೋಡಿದ.

ಏನೂ ಇಲ್ಲ ಅನ್ನುವುದು ಸಂತೋಷದ ಮಾತಲ್ಲವೇ? ಅಂಕಯ್ಯನಿಗೆ ಮಾತ್ರ ಯಾರೋ ಪಂಕ್ತಿಯಿಂದ ಎಬ್ಬಿಸಿದಂತಾಯಿತು. ಹುಡುಗ ಇನ್ನೊಮ್ಮೆ ಕೀ ಎಳೆದ. ಅಂಕಯ್ಯ ಹೆಬ್ಬೆರಳನ್ನು ಮೇಲಕ್ಕೆ ಎತ್ತಿದ. ಹುಡುಗ "ಬಂತು!" ಅಂತ ಕೂಗಿದ, ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಶುರುವಾದದ್ದು ಹೀಗೆ.

ದೊಡ್ಡ ಡಾಕ್ಟರುಗಳಿಗೆ ತಿಳಿಯಲಿಲ್ಲವೇ ಅಂತ ಕೇಳಬಹುದು. ತಿಳಿಯಲಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ, ಹಳೆಯ ಕೇಸು, ಮೇಡಂ ಕೈಯಲ್ಲೇ ಬದುಕಿದವನು ಅಂತ ಗೊತ್ತಿರುವಾಗ, ಒಂದು ಸಲ ಕೀ ಎಳೆದು ಬೆರಳು ಎದ್ದದ್ದು ನೋಡಿ ಮುಂದೆ ಹೋಗುತ್ತಿದ್ದರು. ನಂಬಿದವರಿಗೆ ಮೋಸ ಮಾಡಲು ಜಾಣತನ ಬೇಕಾಗಿಲ್ಲ, ಮುಖ ಗಟ್ಟಿಯಿದ್ದರೆ ಸಾಕು.

ಇದರ ನಡುವೆ ಸೊಸೆ ಸುಕನ್ಯ ಹೆತ್ತಳು. ಮಗು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ ತೋರಿಸೋಣ ಅಂತ ಅಂಕಯ್ಯನೇ ಮುಂದೆ ನಿಂತು ಎಲ್ಲರನ್ನೂ ಮೈಸೂರಿಗೆ ಕರೆದುಕೊಂಡು ಹೋದ. ಆಸ್ಪತ್ರೆ ತನ್ನ ಮಾವನ ಮನೆ ಅನ್ನುವ ಠೀವಿ. ಮಕ್ಕಳ ವಿಭಾಗದಲ್ಲಿ ಕೂಸನ್ನು ತೂಕಕ್ಕೆ ಹಾಕಿದರು, ತಲೆಯ ಸುತ್ತ ಟೇಪ್ ಹಿಡಿದರು, ಆಮೇಲೆ ಒಂದು ಮರದ ಹಲಗೆಯ ಮೇಲೆ ಅಂಗಾತ ಮಲಗಿಸಿ ತಲೆಯಿಂದ ಪಾದದ ತನಕ ಅಳೆಯಲು ಹೊರಟರು. ಮರಮ್ಮ ಎದ್ದು ನಿಂತಳು.

"ಜೀವ ಇರೋ ಕೂಸ ಮಲಗ್ಸಿ ಅಳತೆ ತೆಗೀತಾರೇನ್ರವ್ವ? ಅದು ಎಣಕ್ಕೆ ಮಾಡೋ ಕೆಲ್ಸ. ಎತ್ಕೊಳ್ಳೇ ಸುಕನ್ಯ!"

"ಸುಮ್ಕಿರು, ನಿಂಗೇನ್ ಗೊತ್ತು" ಅಂತ ಅಂಕಯ್ಯ ಗದರಿದ. "ನಿಂತ್ಕೊಳಕ್ಕೆ ಬರ್ದೇ ಇರೋ ಮಕ್ಳ ಇಂಗೇ ಅಳೆಯೋದು."

ಅಷ್ಟು ಗತ್ತಿನಿಂದ ಹೇಳಿದವನು ಮರುಗಳಿಗೆಗೆ ಬೆವೆತುಹೋದ. ಒಬ್ಬ ಹುಡುಗಿ ಕೂಸಿನ ಅಂಗಾಲನ್ನು ಉಗುರಿನಿಂದ ಗೀರಿದಳು. ಹೆಬ್ಬೆರಳು ಮೇಲಕ್ಕೆ ಎದ್ದು, ಉಳಿದ ಬೆರಳುಗಳು ಅಗಲವಾಗಿ ಬಿಚ್ಚಿಕೊಂಡವು.

"ಅಯ್ಯೋ ದ್ಯಾವ್ರೇ, ನನ್ ಕಾಯ್ಲೆ ಕೂಸ್ಗೂ ಬಂತಾ?"

ಡಾಕ್ಟರು ನಕ್ಕರು. ಎಳೆಯ ಮಗುವಿಗೆ ನರ ಇನ್ನೂ ಬಲಿತಿರುವುದಿಲ್ಲ, ಹಾಗೆ ಏಳುವುದೇ ಸರಿ, ನಡೆಯಲು ಕಲಿಯುವ ಹೊತ್ತಿಗೆ ಕೆಳಕ್ಕೆ ಬಾಗಲು ಶುರುವಾಗುತ್ತದೆ, ಮಗು ಚೆನ್ನಾಗಿದೆ ಅಂದರು. ಅಂಕಯ್ಯ ನಿಟ್ಟುಸಿರು ಬಿಟ್ಟ. ಜೊತೆಗೆ ಇನ್ನೊಂದು ವಿಷಯವನ್ನೂ ಗಮನಿಸಿಕೊಂಡ: ಹೆಬ್ಬೆರಳು ಎದ್ದರೆ ಸಾಲದು, ಉಳಿದವು ಬಿಚ್ಚಿಕೊಳ್ಳಬೇಕು. ಮನೆಗೆ ಬಂದ ಮೇಲೆ ಕೂಸಿನ ಪಕ್ಕ ಚಾಪೆಯಲ್ಲಿ ಮಲಗಿ, ಅದರ ಕಾಲು ನೋಡಿ ನೋಡಿ ತನ್ನ ಬೆರಳುಗಳನ್ನು ತಿದ್ದಿಕೊಂಡ. ಮರಮ್ಮ ಒಲೆಯ ಮುಂದಿನಿಂದ, "ಇದೇನು ನಿನ್ನವತಾರ, ಮೊಮ್ಮಗಳ ಜತೆ ನೀನೂ ಕೂಸಾದ್ಯಾ?" ಅಂತ ನಕ್ಕಳು. ಅವನೂ ನಕ್ಕ.

ಕೂಸು ಬೆಳೆಯಿತು. ಗೋಡೆ ಹಿಡಿದು ನಿಂತಿತು, ಕೈ ಬಿಟ್ಟು ನಡೆಯಿತು. ಒಂದು ಸಂಜೆ ಅದು ನಿದ್ದೆ ಮಾಡುವಾಗ ಅಂಕಯ್ಯ ಪೊರಕೆ ಕಡ್ಡಿಯಿಂದ ಅಂಗಾಲಿಗೆ ಮೆಲ್ಲಗೆ ಎಳೆದ. ಪುಟ್ಟ ಹೆಬ್ಬೆರಳು ಕೆಳಕ್ಕೆ ಬಾಗಿತು. ಡಾಕ್ಟರು ಹೇಳಿದಂತೆಯೇ ಆಗಿತ್ತು, ಸಂತೋಷಪಡಬೇಕಾಗಿತ್ತು. ಆದರೆ ಅವನಿಗೆ ಮೊದಲ ಸಲ ನಾಚಿಕೆ ಆದದ್ದು ಅವತ್ತೇ. ಕೂಸು ಬಿಟ್ಟದ್ದನ್ನು ತಾನು ಹಿಡಿದುಕೊಂಡು ಕೂತಿದ್ದೇನೆ ಅನ್ನಿಸಿತು. ಇನ್ನು ಹೋಗಬಾರದು ಅಂದುಕೊಂಡ. ಆಸ್ಪತ್ರೆಯಿಂದ ಫೋನ್ ಬಂತು, "ಅಂಕಯ್ಯನವರಾ?" ಅಂತ ಕೇಳಿದರು. ಆ ಒಂದು 'ನವರು' ಸಾಕಾಯಿತು, ಪಂಚೆ ಇಸ್ತ್ರಿಗೆ ಹೋಯಿತು.

ಈ ವರ್ಷದ ಪರೀಕ್ಷೆಯಲ್ಲೂ ಹೀಗೇ ಹೋಗಿ, ಹಾಸಿಗೆಯಲ್ಲಿ ಮಲಗಿ, ಕಾಲು ಸೆಟೆಸಿಕೊಂಡು ಕಾಯುತ್ತಿದ್ದ. ಪರದೆ ಸರಿಸಿಕೊಂಡು ಒಳಗೆ ಬಂದವಳು ಪದ್ಮಶ್ರೀ, ನಂಜುಂಡಸ್ವಾಮಿಯವರ ಮಗಳು.

ಅವಳು ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ ಅಂತ ಅವನಿಗೆ ಗೊತ್ತಿತ್ತು. ಮೈಸೂರಿನಲ್ಲಿ ಅಂಥ ಕಾಲೇಜು ಒಂದೇ ಏನು, ಯಾವುದು ಅಂತ ಕೇಳಿರಲಿಲ್ಲ. ದಸರಾಕ್ಕೆ ಊರಿಗೆ ಬಂದಿದ್ದಾಗ ಅವಳು ಪುಸ್ತಕ ಹಿಡಿದುಕೊಂಡು ಬ್ಯಾರನ್ ಪಕ್ಕ ಬಿಸಿಲು ಕಾಯಿಸುತ್ತಿದ್ದಳು. ಅಂಕಯ್ಯ ಒಳಗೆ ಮೇಲಿನ ತೊಲೆಯ ಮೇಲೆ ಕಾಲು ಅಗಲಿಸಿ ನಿಂತು ಬೆಂದ ಸೊಪ್ಪಿನ ಕಡ್ಡಿಗಳನ್ನು ಇಳಿಸುತ್ತಿದ್ದ. "ಅಂಕ, ಬಿದ್ದೀಯ, ಹುಷಾರು" ಅಂತ ಅವಳೇ ಕೂಗಿದ್ದಳು.

ಈಗ ಟವಲಿನಿಂದ ಮುಖ ಮುಚ್ಚಿಕೊಳ್ಳಲು ಹೋದ. ತಡವಾಗಿತ್ತು.

"ಅಂಕ? ನೀನಾ?" ಅಂತ ಪಿಸುಗುಟ್ಟಿದಳು. ಆಮೇಲೆ ಏನೋ ನೆನಪಿಸಿಕೊಂಡವಳಂತೆ ನೆಟ್ಟಗೆ ನಿಂತು ಕೈಮುಗಿದಳು. "ನಮಸ್ಕಾರ ಅಂಕಯ್ಯನವರೇ. ನಾನು ಪದ್ಮಶ್ರೀ, ಕೊನೇ ವರ್ಷದ ವಿದ್ಯಾರ್ಥಿ. ನಿಮ್ಮನ್ನ ಪರೀಕ್ಷೆ ಮಾಡಬಹುದಾ?"

ಯಾರನ್ನೇ ಮುಟ್ಟುವ ಮುಂಚೆ ಹೆಸರು ಹೇಳಿ ಒಪ್ಪಿಗೆ ಕೇಳಬೇಕು ಅಂತ ಅವರಿಗೆ ಕಲಿಸಿರುತ್ತಾರೆ. ಅವನಿಗೂ ಅದು ಗೊತ್ತು. ಆದರೂ ಆ ಬಾಯಿಂದ ಆ ಮಾತು ಕೇಳಿ ಅವನು ಟವಲನ್ನು ಪಕ್ಕಕ್ಕೆ ಇಟ್ಟ. "ಮಾಡಿ ಕಣವ್ವ" ಅಂದ.

ಅವಳು ತಲೆಯಿಂದ ಶುರು ಮಾಡಿದಳು. ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ನೋಡಿದಳು, ಉಗುರು ನೋಡಿದಳು, ಬೆನ್ನುಮೂಳೆಯ ಮೇಲೆ ಒಂದೊಂದೇ ಗೆಣ್ಣು ಒತ್ತಿದಳು. ಕಾಲು ಯಾವಾಗಿನಿಂದ ಹೀಗೆ ಅಂತ ಕೇಳಿದಾಗ ಅಂಕಯ್ಯ ಬಾಯಿಪಾಠವಾಗಿದ್ದ ಉತ್ತರವನ್ನು ಛಾವಣಿಗೆ ಹೇಳಿದ, ಅವಳ ಮುಖಕ್ಕೆ ಹೇಳಲಾಗಲಿಲ್ಲ. ಮಂಡಿಗೆ ಕುಟ್ಟುವಾಗ ಎರಡೂ ಕೈಯ ಬೆರಳು ಕೊಂಡಿ ಹಾಕಿ ಎಳೆಯಲು ಹೇಳಿದಳು. ಗಮನ ಕೈಗೆ ಹೋಯಿತು, ಕಾಲು ಎಲ್ಲರ ಕಾಲಿನ ಹಾಗೆ ಹಿತವಾಗಿ ಒದೆಯಿತು. ಆಮೇಲೆ ಅವಳು ಪಾದದ ಹತ್ತಿರ ಬಂದು ಕೂತಳು. ಯಜಮಾನರ ಮಗಳು ತನ್ನ ಕಾಲ ಬುಡದಲ್ಲಿ! ಅಂಕಯ್ಯ ಉಸಿರು ಹಿಡಿದು ಬೆರಳು ಎತ್ತಲು ಸಿದ್ಧನಾದ.

"ಮೊಮ್ಮಗಳು ಹೆಂಗಿದ್ದಾಳೆ? ಮಾತು ಬಂತಾ?"

"ಬತ್ತದೆ ಕಣವ್ವ, ನನ್ನೇ ಅಂಕ ಅಂತ ಕರೀತಳೆ ಮುಂಡೇದು" ಅಂತ ಅವನು ಬಾಯಿ ತುಂಬ ಹೇಳುತ್ತಿರುವಾಗಲೇ ಕೀ ಅಂಗಾಲಿನ ಮೇಲೆ ಹಾದುಹೋಯಿತು. ಹೆಬ್ಬೆರಳು ಕೆಳಕ್ಕೆ ಬಾಗಿತು.

ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಇನ್ನೊಂದು ಕಾಲಿಗೂ ಅವಳು ಕೀ ಎಳೆದಳು, ಅದೂ ಬಾಗಿತು. ಅವಳು ಕೀಯನ್ನು ಜೇಬಿಗೆ ಹಾಕಿಕೊಂಡಳು, ಅವನು ಛಾವಣಿ ನೋಡಿದ. ಬಾಯಿ ಬಿಡಲು ಅದೇ ಸರಿಯಾದ ಹೊತ್ತಾಗಿತ್ತು.

ಪರೀಕ್ಷಕರು ಬಂದರು. ಬೇರೆ ಊರಿನ ಕಾಲೇಜಿನಿಂದ ಬಂದ ಒಬ್ಬ ದಪ್ಪ ಕನ್ನಡಕದ ಡಾಕ್ಟರು, ಅವರ ಜೊತೆಗೆ ನೀಲಾಂಬಿಕೆ ಮೇಡಂ. ಪದ್ಮಶ್ರೀ ಎಲ್ಲವನ್ನೂ ಒಪ್ಪಿಸಿದಳು. ಹಿಂದೆ ಬೆನ್ನಿನ ಟಿ.ಬಿ. ಆಗಿತ್ತು, ಈಗ ಪೂರ್ತಿ ಗುಣವಾಗಿದೆ, ಕಾಲಿನ ಬಲ ಸರಿಯಿದೆ ಅಂದಳು.

"ಅಂಗಾಲು?" ಅಂದರು ಕನ್ನಡಕದವರು.

"ಎರಡೂ ಕಡೆ ಬೆರಳು ಕೆಳಕ್ಕೆ ಬಾಗುತ್ತೆ ಸರ್. ನಾರ್ಮಲ್."

ಅವರು ಹುಬ್ಬು ಗಂಟಿಕ್ಕಿ, ಜೇಬಿನಿಂದ ಕೀ ತೆಗೆದು ತಾವೇ ಎಳೆದರು. ಅಂಕಯ್ಯನಿಗೆ ಎದುರಿಗೆ ಮೇಡಂ ಕಂಡರು. ಈಗ ಬೆರಳು ಬಾಗಿದರೆ ಇಷ್ಟು ದಿನದ ಬಣ್ಣ ಬಯಲು ಅನ್ನಿಸಿತು. ಕಾಲು ತಾನಾಗಿ ಮಾಡಿತು ಅಂತ ಅವನು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಸುಳ್ಳು. ಅವನೇ ಎತ್ತಿದ, ಉಳಿದ ಬೆರಳುಗಳನ್ನೂ ಚೆಂದವಾಗಿ ಬಿಚ್ಚಿದ.

"ಇದು ನಾರ್ಮಲ್ಲಾ?" ಅಂತ ಕನ್ನಡಕದವರು ಕೇಳಿದರು. "ಇಷ್ಟು ದೊಡ್ಡದು ಕಾಣಲಿಲ್ಲ ಅಂದರೆ ನೀವು ರೋಗಿಯ ಮೇಲೆ ಕೈ ಇಟ್ಟೇ ಇಲ್ಲ. ನಿಮ್ಮ ಉತ್ತರ ಬದಲಾಯಿಸ್ತೀರಾ?"

ಪದ್ಮಶ್ರೀ ಅಂಕಯ್ಯನ ಕಡೆ ಒಂದು ಸಲ ನೋಡಿದಳು. ಈ ಮನುಷ್ಯ ನಮ್ಮ ಬ್ಯಾರನ್ ಏರುತ್ತಾನೆ ಸರ್ ಅಂತ ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ.

"ಇಲ್ಲ ಸರ್. ನಾನು ನೋಡಿದಾಗ ಕೆಳಕ್ಕೇ ಬಾಗಿತು."

"ಹಾಗಾದರೆ ಮುಂದಿನ ಸಲ ಬನ್ನಿ" ಅಂದರು. ಮೇಡಂ ಅವರ ಹಿಂದೆ ಹೋದರು. ಪದ್ಮಶ್ರೀ ಸುತ್ತಿಗೆ, ಹತ್ತಿ, ಟೇಪು ಎಲ್ಲ ಎತ್ತಿ ಇಟ್ಟುಕೊಂಡಳು. ಹೋಗುವ ಮುಂಚೆ ಹೊದಿಕೆ ಎಳೆದು ಅವನ ಪಾದಗಳನ್ನು ಮುಚ್ಚಿದಳು. ಕಣ್ಣು ತುಂಬಿತ್ತು, ಆದರೂ ಹೊದಿಕೆಯ ಅಂಚನ್ನು ಸರಿಯಾಗಿ ಮಡಚಿಯೇ ಹೋದಳು.

ಅಂಕಯ್ಯ ಮಲಗಿದ್ದ. ಆ ಹೊದಿಕೆಯ ಒಳಗೆ ಅವನ ಕಾಲು ಸುಡುತ್ತಿತ್ತು. ತನ್ನ ಮಾನ ಉಳಿಸಲು ಅವಳು ಪರೀಕ್ಷೆಯನ್ನೇ ಬಿಟ್ಟುಕೊಟ್ಟಳು ಅನ್ನುವುದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಹೇಳಿದರೆ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ, ಕಾಯಿಲೆ ನಾಟಕ ಆಡಿದ ಅಂಕ ಅಂತ ಚಿಕ್ಕ ಮಕ್ಕಳೂ ಆಡಿಕೊಳ್ಳುತ್ತಾರೆ. ಹೇಳದಿದ್ದರೆ ನಾಳೆ ನಂಜುಂಡಸ್ವಾಮಿಯವರು ಜಗುಲಿಯ ಮೇಲೆ ತಲೆಗೆ ಕೈ ಕೊಟ್ಟು ಕೂತಿರುತ್ತಾರೆ, ಇವನು ಕೆಳಗಿನ ಮೆಟ್ಟಿಲಲ್ಲಿ ಕೂತು, ಯಾಕೆ ಬುದ್ಧಿ, ಏನಾಯ್ತು ಅಂತ ಕೇಳಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ತನ್ನ ಮಾನ ಹೋದದ್ದು ಒಂದು ಬೆರಳಿಗೆ. ಥೂ, ಅಂದುಕೊಂಡು ಎದ್ದ. ಕೋಲು ಮಂಚಕ್ಕೆ ಒರಗಿಕೊಂಡೇ ಇತ್ತು. ವಾರ್ಡಿನ ಉದ್ದಕ್ಕೂ ನೆಟ್ಟಗೆ ನಡೆದುಹೋದ.

ಕೊನೆಯ ಕೋಣೆಯಲ್ಲಿ ಪರೀಕ್ಷಕರು ಕಾಫಿ ಕುಡಿಯುತ್ತಿದ್ದರು. ಬಾಗಿಲಲ್ಲಿ ನಿಂತವನನ್ನು ನೋಡಿ ಮೇಡಂ ಲೋಟ ಕೆಳಗಿಟ್ಟರು.

"ಮೇಡಮ್ಮಾರೇ, ಆ ಬೆರಳು ನಾನೇ ಎತ್ತಿದ್ದು."

ಅವರಿಗೆ ಅರ್ಥವಾಗಲಿಲ್ಲ. ಅಂಕಯ್ಯ ಪಂಚೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದು, ಅಲ್ಲೇ ತಣ್ಣನೆ ನೆಲದ ಮೇಲೆ ನಿಂತು, ಹೆಬ್ಬೆರಳನ್ನು ಎತ್ತಿ ತೋರಿಸಿದ, ಇಳಿಸಿ ತೋರಿಸಿದ, ಮತ್ತೆ ಎತ್ತಿದ. ಕನ್ನಡಕದವರು ಫಕ್ಕನೆ ನಕ್ಕರು. ಮೇಡಂ ಮುಖ ನೋಡಿ ನಗು ನಿಲ್ಲಿಸಿದರು.

"ಎಷ್ಟು ದಿನದಿಂದ?" ಅಂತ ಮೇಡಂ ಕೇಳಿದರು. ಧ್ವನಿ ಬಹಳ ಸಣ್ಣದಾಗಿತ್ತು.

"ಗುಣ ಆದಾಗ್ಲಿಂದ್ಲೂ."

"ಯಾಕೆ ಅಂಕಯ್ಯ?"

"ಕಾಯ್ಲೆ ಇದ್ರೆ ತಾನೇ ನೀವು ಮುಟ್ಟೋದು" ಅಂದ. ಹೇಳಿದ ಮೇಲೆ ಅದೂ ಎಷ್ಟು ಸಣ್ಣ ಮಾತು ಅನ್ನಿಸಿ ತಲೆ ತಗ್ಗಿಸಿದ. "ನಂಜುಂಡಸ್ವಾಮ್ಯಾರ ಮಗ್ಳು ಏಳಿದ್ದೇ ಸರಿ. ಆವಮ್ಮ ನಮ್ ಯಜಮಾನ್ರ ಮಗ್ಳು. ನನ್ನ ಬುಟ್ಕೊಡ್ಬಾರ್ದು ಅಂತ ಬಾಯ್ ಬುಡ್ಲಿಲ್ಲ. ಆವಮ್ಮನ್ನ ಪೇಲ್ ಮಾಡ್ಬ್ಯಾಡಿ, ನಿಮ್ ಕಾಲಿಗೆ ಬೀಳ್ತೀನಿ."

ಪದ್ಮಶ್ರೀಯನ್ನು ಕರೆಸಿದರು. ಅವಳ ಎದುರಿಗೇ ಅಂಕಯ್ಯನನ್ನು ಬೆಂಚಿನ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಮೇಡಂ ತಾವೇ ಕೀ ಎಳೆದರು. ಬೆರಳು ಬಾಗಿತು. ಕನ್ನಡಕದವರು ಎದ್ದು ಬಂದು ಅವಳ ಕ್ಷಮೆ ಕೇಳಿದರು, ನೋಡಿದ್ದನ್ನು ಬಿಟ್ಟುಕೊಡದೆ ನಿಂತದ್ದಕ್ಕೆ ಮೆಚ್ಚಿದರು. ಅಂಕಗಳನ್ನು ತಿದ್ದುತ್ತೇವೆ ಅಂದರು. ಅವಳು ಅಳುತ್ತಲೇ ನಕ್ಕಳು.

"ಪರವಾಗಿಲ್ಲ ಬುಡಣ್ಣ, ಊರಲ್ಲಿ ಯಾರಿಗೂ ಹೇಳಲ್ಲ" ಅಂದಳು. ಹುಟ್ಟಿದಾಗಿನಿಂದ ಅವಳು ಅವನನ್ನು ಅಣ್ಣ ಅಂದದ್ದು ಅದೇ ಮೊದಲು. ಅಂಕಯ್ಯ ಬೆಂಚಿನ ಮೇಲೆ ಎದ್ದು ಕೂತ, ಎದೆಯ ಮೇಲಿನ ಭಾರ ಇಳಿದಂತೆ ಅನ್ನಿಸಿತು.

ಮೇಡಂ ಮಾತ್ರ ಮತ್ತೆ ಕುರ್ಚಿಗೆ ಹೋಗಿ ಕೂತಿದ್ದರು.

"ಇವಳಿಗಿಂತ ಮುಂಚೆ ಯಾರಾದರೂ ಹೀಗೇ ಹೇಳಿದ್ರಾ ಅಂಕಯ್ಯ? ನಾರ್ಮಲ್ ಅಂತ?"

ಅಂಕಯ್ಯ ನೆಲ ನೋಡಿದ. ಇಲ್ಲ ಅಂದುಬಿಡಬಹುದಿತ್ತು.

"ಒಬ್ರು ಅಂದಿದ್ರು. ಓದ್ ವರ್ಷ. ಎಚ್.ಡಿ. ಕೋಟೆ ಕಡೆ ಉಡ್ಗ, ಕಪ್ಪಗೆ, ಕೋಟು ಒಸಿ ದೊಡ್ಡದಾಗಿತ್ತು. ಕೆಳಕ್ಕೇ ಓಯ್ತು ಅಂತ ಎಷ್ಟೋ ಸಲ ಏಳಿದ್ರು. ಆಮೇಲೆ ಪರದೆ ಆಚೆ ನಿಂತ್ಕಂಡು ಅತ್ತಿದ್ದು ಕೇಳುಸ್ತು."

"ಚೆಲುವರಾಜು" ಅಂದರು ಮೇಡಂ. "ನಾನೇ ಫೇಲ್ ಮಾಡಿದ್ದು. ಆಮೇಲೆ ಅವನು ಪರೀಕ್ಷೆಗೆ ಕಟ್ಟಲೇ ಇಲ್ಲ. ಈಗ ಎಲ್ಲಿದ್ದಾನೋ ಗೊತ್ತಿಲ್ಲ."

ಪದ್ಮಶ್ರೀ ಕಣ್ಣು ಒರೆಸಿಕೊಂಡು ಅಂಕಯ್ಯನ ಮುಂದೆ ಬಂದು ನಿಂತಳು.

"ಅವತ್ತೂ ನೀವು ಹೀಗೇ ಎದ್ದು ಬರಬಹುದಿತ್ತಲ್ಲ. ಅವನಿಗೋಸ್ಕರ ಯಾಕೆ ಬರಲಿಲ್ಲ?"

ಅವನು ಪಂಚೆಯ ಅಂಚನ್ನು ಎಳೆದು ಪಾದ ಮುಚ್ಚಿಕೊಂಡ.

"ಅವ್ರು ಯಾರ ಮಗ ಅಂತ ನಂಗೊತ್ತಿರ್ಲಿಲ್ಲ ಕಣವ್ವ" ಅಂದ.

ಪದ್ಮಶ್ರೀಯ ಮುಖದಲ್ಲಿ ಉಳಿದಿದ್ದ ನಗು ಹೋಯಿತು. ತಾನು ಯಾರ ಮಗಳು ಅನ್ನುವುದು ಅವಳಿಗೆ ಗೊತ್ತಿತ್ತು. ಬೆಂಚಿನ ಪಕ್ಕದಲ್ಲೇ ನಿಂತು ಅವಳೂ ತಲೆ ತಗ್ಗಿಸಿದಳು.